ಅಜ್ಜಿಯ ಮಾತು, ನನ್ನ ಪಾಠ

ನಾನು ಮನಃಶಾಸ್ತ್ರ ಓದುತ್ತಿದ್ದೇನೆ ಎಂದರೆ ಸಾಕು, ಎದುರಿಗಿದ್ದವರು ಎರಡರಲ್ಲಿ ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ. "ಹಾಗಾದ್ರೆ ಈಗ ನನ್ನ ಮನಸ್ಸಲ್ಲಿ ಏನಿದೆ ಹೇಳು ನೋಡೋಣ" ಎನ್ನುವವರು ಮಕ್ಕಳು ಮತ್ತು ಮದುವೆಮನೆಯಲ್ಲಿ ಸಿಗುವ ಮಾವಂದಿರು. "ಹುಚ್ಚು ಬಿಡಿಸೋ ಡಾಕ್ಟ್ರಾಗ್ತೀಯಾ?" ಎನ್ನುವವರು ಉಳಿದವರೆಲ್ಲ. ನಮ್ಮ ಅಜ್ಜಿ ಎರಡನ್ನೂ ಒಟ್ಟಿಗೇ ಕೇಳಿದ್ದಳು.

ಎರಡನೆಯದಕ್ಕೆ ಉತ್ತರ ಸುಲಭ. ಔಷಧಿ ಬರೆದುಕೊಡುವ ಮನೋವೈದ್ಯರು ಮೊದಲು ಎಂಬಿಬಿಎಸ್ ಓದಿದ ಡಾಕ್ಟರು. ನಾನು ಓದುತ್ತಿರುವುದು ಬೇರೆ. ಮನುಷ್ಯರು ಹೇಗೆ ನೋಡುತ್ತಾರೆ, ಹೇಗೆ ಕಲಿಯುತ್ತಾರೆ, ಯಾಕೆ ಮರೆಯುತ್ತಾರೆ, ಯಾಕೆ ಹೆದರುತ್ತಾರೆ, ಇಂಥದ್ದನ್ನು ಪ್ರಯೋಗ ಮಾಡಿ, ಲೆಕ್ಕ ಹಾಕಿ ತಿಳಿಯುವ ವಿದ್ಯೆ.

ಮೊದಲನೆಯ ಪ್ರಶ್ನೆಯ ಕಥೆ ತಮಾಷೆಯದು. ನಾನು ಓದುವ ಊರು ನೆದರ್‌ಲ್ಯಾಂಡ್ಸ್ ದೇಶದ ಉತ್ತರದ ತುದಿಯಲ್ಲಿರುವ ಗ್ರೋನಿಂಗನ್. 1614ರಲ್ಲಿ ಹುಟ್ಟಿದ ವಿಶ್ವವಿದ್ಯಾಲಯ ಅಲ್ಲಿಯದು. ಆ ದೇಶದ ಮೊಟ್ಟಮೊದಲ ಮನಃಶಾಸ್ತ್ರದ ಪ್ರಯೋಗಾಲಯವನ್ನು 1892ರಲ್ಲಿ ಹೇಮನ್ಸ್ ಎಂಬ ಪ್ರೊಫೆಸರು ಅಲ್ಲೇ ತೆರೆದರು. ಈ ಹೇಮನ್ಸರ ಪ್ರಯೋಗಾಲಯದಲ್ಲಿ 1920ರ ಹೊತ್ತಿಗೆ ಮನಸ್ಸು ಓದುವ ಪರೀಕ್ಷೆಯನ್ನೂ ಮಾಡಿದ್ದರು! ಒಬ್ಬ ವಿದ್ಯಾರ್ಥಿಯ ಕಣ್ಣಿಗೆ ಬಟ್ಟೆ ಕಟ್ಟಿ, ಚದುರಂಗದ ಹಾಸಿನಂಥ ಹಲಗೆಯ ಮುಂದೆ ಕೂರಿಸಿದರು. ಮೇಲಿನ ಕೋಣೆಯಲ್ಲಿದ್ದವರು ಹಲಗೆಯ ಒಂದು ಮನೆಯನ್ನು ಮನಸ್ಸಿನಲ್ಲಿ ಹಿಡಿದು, ನೆಲದ ಗಾಜಿನ ಕಿಂಡಿಯಿಂದ ಅವನ ಕೈಯನ್ನೇ ದಿಟ್ಟಿಸಿದರು. ಕೈ ತಾನಾಗಿ ಆ ಮನೆಗೆ ಹೋಗುತ್ತದೆಯೇ ನೋಡೋಣ ಎಂದು. ಮಾಡಿದವರಿಗೇ ಅಚ್ಚರಿಯಾಗುವಷ್ಟು ಸಲ ಹೋಯಿತಂತೆ. ಆದರೆ ಪ್ರಯೋಗ ಕಟ್ಟಿದ ರೀತಿಯಲ್ಲೇ ಸಂದುಗೊಂದುಗಳಿದ್ದವು ಎಂದು ಆಮೇಲಿನವರು ಎತ್ತಿ ತೋರಿಸಿದರು. ಈಗ ನಮ್ಮ ಕಾಲೇಜಿನಲ್ಲಿ ಯಾರೂ ಯಾರ ಮನಸ್ಸನ್ನೂ ಓದುವುದಿಲ್ಲ. ಕೇಳಿ ತಿಳಿದುಕೊಳ್ಳುತ್ತೇವೆ.

ಅಷ್ಟು ದೂರ ಹೋಗಲು ಅಜ್ಜಿ ಒಪ್ಪಿದ್ದೇ ಒಂದು ಸಾಹಸ. ನಮ್ಮ ಊರು ನಂಜನಗೂಡು. ಅಜ್ಜಿ ಹುಟ್ಟಿದ್ದು 1949ರ ಶ್ರಾವಣದಲ್ಲಿ. ಅದು ವಿರೋಧಿ ಸಂವತ್ಸರ. "ನಾನು ಹುಟ್ಟಿದ್ದೇ ವಿರೋಧಿಲಿ. ಯಾವುದಕ್ಕಾದ್ರೂ ಮೊದಲು ಬೇಡ ಅನ್ನೋದು ನನ್ನ ಹಕ್ಕು" ಎಂದು ತಾನೇ ಹೇಳಿಕೊಳ್ಳುವಳು. ಹೊಸ ಫ್ರಿಜ್ ಬೇಡ, ಗೋಡೆಗೆ ಹಸಿರು ಬಣ್ಣ ಬೇಡ, ಮೊಮ್ಮಗಳು ವಿದೇಶಕ್ಕೆ ಹೋಗುವುದಂತೂ ಬೇಡವೇ ಬೇಡ. "ಮೈಸೂರಲ್ಲಿ ಓದಕ್ಕಾಗಲ್ವಾ?"

ಆಗುತ್ತಿತ್ತು. ಅಜ್ಜಿಯ ಮಾತಿನಲ್ಲಿ ತಪ್ಪಿರಲಿಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಿಂದಲೇ ಮನಃಶಾಸ್ತ್ರ ವಿಭಾಗ ಇದೆ. ಆದರೆ ಅದನ್ನು ಕಟ್ಟಿದವರು ಯಾರು ಎಂಬುದೇ ನನ್ನ ತುರುಪಿನ ಎಲೆ. ನಮ್ಮ ಅಜ್ಜಿಗೆ ರೇಡಿಯೋ ಎಂದರೆ ಪ್ರಾಣ. ಬೆಳಗಿನ ಭಕ್ತಿಗೀತೆ ಶುರುವಾಗದೆ ಒಲೆ ಹಚ್ಚುತ್ತಿರಲಿಲ್ಲ. "ಅಜ್ಜಿ, ನಿನ್ನ ಮೈಸೂರು ಆಕಾಶವಾಣಿ ಶುರು ಮಾಡಿದ್ದು ಯಾರು ಗೊತ್ತಾ?" ಎಂದು ಕೇಳಿದೆ. "ಮಹಾರಾಜರು" ಎಂದಳು. ಅಲ್ಲ. ಡಾಕ್ಟರ್ ಎಂ.ವಿ. ಗೋಪಾಲಸ್ವಾಮಿ. ಲಂಡನ್ನಿಗೆ ಹೋಗಿ ಸ್ಪಿಯರ್‌ಮನ್ ಎಂಬ ದೊಡ್ಡ ವಿದ್ವಾಂಸರ ಬಳಿ ಕಲಿತು ಬಂದು, ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರೊಫೆಸರಾದವರು. 1935ರಲ್ಲಿ ತಮ್ಮ ಮನೆ 'ವಿಠಲ ವಿಹಾರ'ದಲ್ಲೇ ಸಣ್ಣದೊಂದು ಪ್ರೇಷಕ ಯಂತ್ರ ಇಟ್ಟುಕೊಂಡು ಬಾನುಲಿ ಆರಂಭಿಸಿದರು. ಆಕಾಶವಾಣಿ ಎಂಬ ಆ ಹೆಸರೇ ಮುಂದೆ ಇಡೀ ದೇಶದ ರೇಡಿಯೋಗೆ ಬಂತು.

ಅಜ್ಜಿ ತುಸು ಹೊತ್ತು ಸುಮ್ಮನಿದ್ದಳು. "ಅವರು ವಾಪಸ್ ಬಂದ್ರಲ್ಲ?" ಎಂದು ಕೇಳಿದಳು. ಬಂದರು ಅಜ್ಜಿ. "ಹಾಗಿದ್ರೆ ಹೋಗು."

ಅಪ್ಪ ಬ್ಯಾಂಕಿನಲ್ಲಿ ಸಾಲ ಮಾಡಿದರು. ಅಲ್ಲಿನ ಹುಡುಗರು ಕಟ್ಟುವ ಶುಲ್ಕದ ನಾಲ್ಕು ಪಟ್ಟಿಗೂ ಹೆಚ್ಚು ನಮ್ಮಂಥ ಹೊರಗಿನವರಿಗೆ. ಆದರೂ ಇಂಗ್ಲೆಂಡು, ಅಮೆರಿಕಗಳಿಗಿಂತ ಕಡಿಮೆ. ಪಾಠವೆಲ್ಲ ಇಂಗ್ಲಿಷಿನಲ್ಲೇ, ಮೂರು ವರ್ಷಕ್ಕೆ ಪದವಿ. 2022ರ ಸೆಪ್ಟೆಂಬರಿನಲ್ಲಿ ಎರಡು ಸೂಟ್‌ಕೇಸು, ಚಟ್ನಿಪುಡಿ, ಒಂದು ಸಣ್ಣ ಕುಕ್ಕರಿನೊಂದಿಗೆ ಹೋಗಿ ಇಳಿದೆ.

ಗ್ರೋನಿಂಗನ್ ಸೈಕಲ್ಲುಗಳ ಊರು. 1977ರಲ್ಲಿ ಅಲ್ಲಿಯ ನಗರಸಭೆ ಪೇಟೆಯ ನಡುಭಾಗವನ್ನು ನಾಲ್ಕು ತುಂಡು ಮಾಡಿತು. ಕಾರಿನವರು ಒಂದು ತುಂಡಿನಿಂದ ಪಕ್ಕದ ತುಂಡಿಗೆ ನೇರ ಹೋಗುವಂತಿಲ್ಲ, ಹೊರಗಿನ ವರ್ತುಲ ರಸ್ತೆ ಸುತ್ತಿ ಬರಬೇಕು. ಸೈಕಲ್ಲಿನವರು ಸೀದಾ ಹೋಗಬಹುದು. ಅಂದಮೇಲೆ ಕಾರು ಯಾರಿಗೆ ಬೇಕು? ಪ್ರೊಫೆಸರೂ ಸೈಕಲ್ಲಿನಲ್ಲೇ, ಮೊಮ್ಮಕ್ಕಳನ್ನು ಮುಂದಿನ ಪೆಟ್ಟಿಗೆಯಲ್ಲಿ ಕೂರಿಸಿಕೊಂಡ ಅಜ್ಜನೂ ಸೈಕಲ್ಲಿನಲ್ಲೇ. ಎದುರುಗಾಳಿ ಮಾತ್ರ ಎಲ್ಲಿಗೆ ಹೋದರೂ ಎದುರಿಗೇ ಇರುತ್ತದೆ, ಬರುವಾಗಲೂ! ಡಿಸೆಂಬರಿನಲ್ಲಿ ಬೆಳಿಗ್ಗೆ ಎಂಟೂಮುಕ್ಕಾಲರ ತನಕ ಸೂರ್ಯನಿಲ್ಲ, ಸಂಜೆ ನಾಲ್ಕೂವರೆಗೆ ಕತ್ತಲು. ಊರಿನ ಹೆಸರನ್ನು ಅಲ್ಲಿಯವರು ಹೇಳುವಂತೆ ಹೇಳಬೇಕಾದರೆ ಮೊದಲ ಅಕ್ಷರಕ್ಕೆ ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿದವರ ಹಾಗೆ ಕ್ಯಾಕರಿಸಬೇಕು. ಅಜ್ಜಿ ವಿಡಿಯೋ ಕರೆಯಲ್ಲಿ ಅದನ್ನು ಹೇಳಿಸಿ ಹೇಳಿಸಿ ನಗುತ್ತಿದ್ದಳು.

ಮಂಚದ ಮೇಲೆ ಮಲಗಿಸಿ ಕನಸು ಕೇಳುವ ಪಾಠ ಇರಬಹುದು ಎಂದುಕೊಂಡು ಬಂದವರಿಗೆ ಮೊದಲ ವಾರವೇ ಸಿಗುವುದು ಸಂಖ್ಯಾಶಾಸ್ತ್ರ. ಸರಾಸರಿ, ಸಂಭವನೀಯತೆ, ನಕ್ಷೆ. ನನ್ನ ಜೊತೆಯ ಅರ್ಧ ಮಂದಿ ಮುಖ ಸಪ್ಪೆ ಮಾಡಿದರು. ನನಗೆ ಗಣಿತ ಇಷ್ಟ, ಹಾಗಾಗಿ ಬಚಾವಾದೆ. ಇನ್ನೊಂದು ನಿಯಮ ಮಾತ್ರ ಎದೆಯ ಮೇಲೆ ಕಲ್ಲಿಟ್ಟ ಹಾಗಿತ್ತು. ಮೊದಲ ವರ್ಷದ 60 ಕ್ರೆಡಿಟ್‌ಗಳಲ್ಲಿ 45 ಗಳಿಸದಿದ್ದರೆ ಆ ಪದವಿ ಅಲ್ಲಿಗೇ ಮುಗಿಯಿತು. ಸಾಲ ಮಾತ್ರ ಮುಗಿಯುವುದಿಲ್ಲ.

ಮೊದಲ ವರ್ಷದವರು ಹಿರಿಯ ಸಂಶೋಧಕರ ಪ್ರಯೋಗಗಳಿಗೆ ಇಷ್ಟು ಗಂಟೆ ಎಂದು ಕೂರಲೇಬೇಕು. ಒಂದು ದಿನ ತಲೆಗೆ ಈಜುಗಾರರ ಟೋಪಿಯಂಥದ್ದು ಹಾಕಿ, ಕೂದಲಿಗೆಲ್ಲ ಜೆಲ್ ಸವರಿ, ಮಿದುಳಿನ ವಿದ್ಯುತ್ತು ಅಳೆದರು. ಹಿಂದಿನ ದಿನ ತಲೆಗೆ ಎಣ್ಣೆ ಹಚ್ಚಬಾರದು ಎಂದು ಮೊದಲೇ ಪತ್ರ ಬಂದಿತ್ತು. ಅಮ್ಮನಿಗೆ ಅದೊಂದು ಅವಮಾನ. ಇನ್ನೊಂದು ದಿನ ಪ್ರಶ್ನೆಪಟ್ಟಿ. 'ನಾನು ಅಪರಿಚಿತರೊಡನೆ ಸುಲಭವಾಗಿ ಮಾತಾಡುತ್ತೇನೆ' ಎಂಬುದಕ್ಕೆ ಒಂದರಿಂದ ಐದರೊಳಗೆ ಅಂಕ ಕೊಡಬೇಕು. ನಂಜನಗೂಡು ಬಸ್ಸಿನಲ್ಲಿ ಪಕ್ಕ ಕೂತವರು ಚಾಮರಾಜನಗರ ಬರುವಷ್ಟರಲ್ಲಿ ನಮ್ಮ ಮನೆಯ ಬಾಡಿಗೆ, ಅಣ್ಣನ ಸಂಬಳ ಎಲ್ಲ ತಿಳಿದುಕೊಂಡಿರುತ್ತಾರೆ. ಅವರು ಅಪರಿಚಿತರೋ, ಪರಿಚಿತರೋ? ನಗುವ ಮಾತಲ್ಲ ಇದು. ಮನಃಶಾಸ್ತ್ರದ ಬಹುಪಾಲು ಪ್ರಯೋಗಗಳು ಪಶ್ಚಿಮದ ಕೆಲವೇ ದೇಶಗಳ ಜನರ ಮೇಲೆ, ಅದರಲ್ಲೂ ಕಾಲೇಜು ಹುಡುಗರ ಮೇಲೆ ನಡೆದಿವೆ, ಅವರನ್ನೇ ಇಡೀ ಮನುಕುಲ ಎಂದುಕೊಂಡರೆ ಹೇಗೆ ಎಂದು 2010ರಲ್ಲಿ ಕೆನಡಾದ ಮೂವರು ವಿದ್ವಾಂಸರು ದೊಡ್ಡ ಲೇಖನವನ್ನೇ ಬರೆದಿದ್ದಾರೆ.

ಮಕ್ಕಳೇ, ಒಂದು ಪ್ರಯೋಗವನ್ನು ನೀವೂ ಮನೆಯಲ್ಲಿ ಮಾಡಬಹುದು. ಒಂದು ಹಾಳೆಯ ಮೇಲೆ 'ಕೆಂಪು' ಎಂಬ ಪದವನ್ನು ಹಸಿರು ಬಣ್ಣದಲ್ಲಿ ಬರೆಯಿರಿ. 'ನೀಲಿ' ಎಂಬುದನ್ನು ಹಳದಿಯಲ್ಲಿ, 'ಹಸಿರು' ಎಂಬುದನ್ನು ಕೆಂಪಿನಲ್ಲಿ. ಹೀಗೆ ಇಪ್ಪತ್ತು ಪದ. ಈಗ ಪದವನ್ನು ಓದದೆ, ಬರೆದಿರುವ ಬಣ್ಣವನ್ನು ಮಾತ್ರ ಬೇಗ ಬೇಗ ಹೇಳಿ. ನಾಲಗೆ ತೊಡರುತ್ತದೆ! ಸ್ಟ್ರೂಪ್ ಎಂಬ ಅಮೆರಿಕದವರು 1935ರಲ್ಲಿ ಪ್ರಕಟಿಸಿದ ಪ್ರಯೋಗ ಇದು, ನಮ್ಮ ಮೈಸೂರು ಆಕಾಶವಾಣಿಯ ವರ್ಷವೇ. ಓದುವುದು ನಮಗೆ ಎಷ್ಟು ರೂಢಿಯಾಗಿದೆಯೆಂದರೆ ಬೇಡವೆಂದರೂ ಕಣ್ಣು ಓದಿಬಿಡುತ್ತದೆ. ಬಣ್ಣವನ್ನು ಹೆಸರಿಸಲು ಮಾತ್ರ ಯೋಚಿಸಬೇಕು. ನನ್ನ ಡಚ್ ಗೆಳತಿಯ ಮುಂದೆ ಕನ್ನಡದಲ್ಲಿ ಬರೆದ ಹಾಳೆ ಇಟ್ಟೆ. ಅವಳಿಗೆ ನಮ್ಮ ಲಿಪಿ ಬರೀ ಗುಂಡುಗುಂಡಾದ ಚಿತ್ರ. ಪಟಪಟನೆ ಬಣ್ಣ ಹೇಳಿ ಮುಗಿಸಿದಳು. ನನಗೆ ಅವಳ ಎರಡರಷ್ಟು ಹೊತ್ತು ಬೇಕಾಯಿತು.

ನಾವು ಯೋಚಿಸಿ ಮಾಡುವ ಕೆಲಸ ಬೇರೆ, ರೂಢಿಯಿಂದ ತಾನಾಗಿ ಆಗುವ ಕೆಲಸ ಬೇರೆ. ಅಂದು ಇದೊಂದು ಆಟವಾಗಿತ್ತು.

2023ರ ಜನವರಿ ಮಧ್ಯದಲ್ಲಿ ಒಂದು ಬೆಳಿಗ್ಗೆ ಅಜ್ಜಿ ಏಳಲಿಲ್ಲ. ಚಿಕ್ಕಪ್ಪ ಹೋಗಿ ನೋಡಿದರೆ ಕಣ್ಣು ಬಿಟ್ಟುಕೊಂಡೇ ಮಲಗಿದ್ದಾಳೆ, ಬಾಯಿ ಒಂದು ಪಕ್ಕಕ್ಕೆ ವಾಲಿದೆ, ಬಲಗೈ ಎತ್ತಲಾಗುತ್ತಿಲ್ಲ. ಮೈಸೂರಿನ ಆಸ್ಪತ್ರೆಗೆ ಒಯ್ದರು. ಪಾರ್ಶ್ವವಾಯು. ರಕ್ತ ಹೆಪ್ಪುಗಟ್ಟಿ ಆಗಿದ್ದರೆ ಅದನ್ನು ಕರಗಿಸುವ ಚುಚ್ಚುಮದ್ದು ಇದೆ, ಆದರೆ ಸಾಮಾನ್ಯವಾಗಿ ಮೊದಲ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅಜ್ಜಿಗೆ ನಿದ್ದೆಯಲ್ಲೇ ಆಗಿದ್ದರಿಂದ ಯಾವಾಗ ಶುರುವಾಯಿತು ಎಂದು ಹೇಳುವವರೇ ಇರಲಿಲ್ಲ. ಈ ಲೇಖನ ಓದುವ ಮನೆಗಳಲ್ಲಿ ಯಾರಿಗಾದರೂ ಮುಖ ವಾಲಿದರೆ, ಕೈ ಸೋತರೆ, ಮಾತು ತೊದಲಿದರೆ, ಮಲಗಿ ಎದ್ದರೆ ಸರಿಹೋಗುತ್ತದೆ ಎಂದು ಕಾಯಬೇಡಿ. ಗಡಿಯಾರ ನೋಡಿಕೊಂಡು ಕೂಡಲೇ ಆಸ್ಪತ್ರೆಗೆ ಹೊರಡಿ.

ಚಳಿಗಾಲದಲ್ಲಿ ನನ್ನ ಊರಿಗೂ ಅಜ್ಜಿಯ ಊರಿಗೂ ನಾಲ್ಕೂವರೆ ಗಂಟೆಯ ಅಂತರ. ನನಗೆ ವಿಷಯ ತಿಳಿದಾಗ ಹೊರಗೆ ಇನ್ನೂ ಕತ್ತಲೆ. ಎರಡು ವಾರಕ್ಕೆ ಪರೀಕ್ಷೆ. ಬರಲಾ ಎಂದೆ. "ಬಾ ಅನ್ನೋದಕ್ಕೂ ಬಾಯಿ ಬರ್ತಿಲ್ಲ, ಬೇಡ ಅನ್ನೋದಕ್ಕೂ ಬರ್ತಿಲ್ಲ" ಎಂದರು ಅಪ್ಪ. ಚಿಕ್ಕಪ್ಪನೇ ಕಡ್ಡಿ ಮುರಿದ ಹಾಗೆ ಹೇಳಿದರು. "ಐಸಿಯು ಒಳಗೆ ಒಬ್ಬರನ್ನ ಮಾತ್ರ ಬಿಡ್ತಾರೆ. ನೀನು ಬಂದ್ರೂ ಹೊರಗೆ ಬೆಂಚಿನ ಮೇಲೆ ಕೂರ್ತೀಯ. ಅಲ್ಲೇ ಕೂತು ಓದು."

ಓದಿದೆ ಎಂದು ಹೇಳಲಾರೆ, ಪುಟ ತಿರುವಿದೆ. ನಮ್ಮ ಪರೀಕ್ಷಾ ಭವನಕ್ಕೆ ಅಲೆಟಾ ಯಾಕೋಬ್ಸ್ ಎಂಬುವರ ಹೆಸರಿಟ್ಟಿದ್ದಾರೆ. 1871ರಲ್ಲಿ ಇದೇ ವಿಶ್ವವಿದ್ಯಾಲಯಕ್ಕೆ ಸೇರಿ, ಆ ದೇಶದಲ್ಲಿ ವಿಶ್ವವಿದ್ಯಾಲಯದ ಓದು ಪೂರೈಸಿದ ಮೊದಲ ಹೆಣ್ಣುಮಗಳು, ಆಮೇಲೆ ವೈದ್ಯೆ. ನೂರಾರು ಜನರ ನಡುವೆ ಕೂತು ಸಂಖ್ಯಾಶಾಸ್ತ್ರದ ಉತ್ತರ ಬರೆಯುವಾಗ ಜೇಬಿನೊಳಗಿನ ಫೋನು ಹೊರಗೆ ಲಾಕರಿನಲ್ಲಿತ್ತು. ಆ ಎರಡು ಗಂಟೆ ಅಜ್ಜಿಗೆ ಏನಾದರೂ ಆದರೆ ನನಗೆ ತಿಳಿಯುವುದಿಲ್ಲ ಎಂಬುದೊಂದೇ ಯೋಚನೆ.

ಅಜ್ಜಿ ಉಳಿದಳು. ಮನೆಗೆ ಬಂದಳು. ಮಾತು ಮಾತ್ರ ಬರಲಿಲ್ಲ.

ಒಂದೇ ಒಂದು ಪದ ಉಳಿದಿತ್ತು. "ಅದೇ." ಕಾಫಿ ಬೇಕಾ ಅಂದರೆ "ಅದೇ", ನೋವಿದೆಯಾ ಅಂದರೆ "ಅದೇ", ನಾನು ಪರದೆಯ ಮೇಲೆ ಬಂದು ಅಜ್ಜೀ ಎಂದು ಕರೆದರೂ "ಅದೇ, ಅದೇ, ಅದೇ" ಎಂದು ಕಣ್ಣಲ್ಲಿ ನೀರು. ಬಂದು ನೋಡಿದ ನೆಂಟರು ಅವಳ ಎದುರಿಗೇ "ಪಾಪ, ಅರಳುಮರಳು. ಬುದ್ಧಿ ಹೋಗ್ಬಿಟ್ಟಿದೆ" ಎಂದರು. ಕೆಲವರು ಕಿವುಡರೊಡನೆ ಮಾತಾಡುವ ಹಾಗೆ ಕಿರುಚಿದರು. ಕೆಲವರು ಎಳೆಮಗುವಿಗೆ ಹೇಳುವ ಹಾಗೆ "ಆ ಮಾಡು, ಆ ಮಾಡು" ಎಂದು ಮುದ್ದು ಮಾಡಿದರು. ಯಾರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ. ಅಜ್ಜಿ ಮಾತ್ರ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಳ್ಳತೊಡಗಿದಳು. ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ, ಅಂದರೆ ನಮ್ಮೂರಿನ ಮಧ್ಯಾಹ್ನ ಎರಡಕ್ಕೆ, ನಾನು ಮಾಡುತ್ತಿದ್ದ ಕರೆ ಈಗ ಅವಳ ಬೆನ್ನನ್ನು ನೋಡುವ ಕರೆಯಾಯಿತು.

ಫೆಬ್ರವರಿಯಲ್ಲಿ ಮಿದುಳು ಮತ್ತು ಭಾಷೆಯ ಪಾಠ ಬಂತು. ಪ್ಯಾರಿಸ್ಸಿನ ಒಂದು ಆಸ್ಪತ್ರೆಯಲ್ಲಿ ಲೆಬೋರ್ನ್ ಎಂಬ ರೋಗಿ ಇದ್ದ. ಇಪ್ಪತ್ತಕ್ಕೂ ಹೆಚ್ಚು ವರ್ಷ ಅವನ ಬಾಯಿಂದ ಬರುತ್ತಿದ್ದುದು 'ತಾನ್' ಎಂಬ ಒಂದೇ ಶಬ್ದ. ಏನು ಕೇಳಿದರೂ 'ತಾನ್, ತಾನ್.' ಅವನ ಹೆಸರೇ ತಾನ್ ಎಂದಾಗಿತ್ತು. ಆದರೆ ಹೇಳಿದ್ದು ಅವನಿಗೆ ಅರ್ಥವಾಗುತ್ತಿತ್ತು, ಕೈಸನ್ನೆಯಲ್ಲಿ ಉತ್ತರ ಕೊಡುತ್ತಿದ್ದ, ಅರ್ಥವಾಗದವರ ಮೇಲೆ ರೇಗುತ್ತಿದ್ದ. 1861ರಲ್ಲಿ ಅವನು ತೀರಿಕೊಂಡ ಮೇಲೆ ಬ್ರೋಕಾ ಎಂಬ ವೈದ್ಯರು ಅವನ ಮಿದುಳನ್ನು ಪರೀಕ್ಷಿಸಿದಾಗ ಎಡಭಾಗದಲ್ಲಿ, ಹಣೆಯ ಹಿಂದೆ, ಪೆಟ್ಟಾಗಿದ್ದು ಕಂಡಿತು. ಬಹುತೇಕ ಜನರಲ್ಲಿ ಮಾತನ್ನು ಜೋಡಿಸಿ ಆಡುವ ಕೆಲಸಕ್ಕೆ ಮಿದುಳಿನ ಎಡಭಾಗವೇ ಮುಖ್ಯ. ಅಲ್ಲಿಗೆ ಏಟು ಬಿದ್ದರೆ ಆಡುವ ಮಾತು ಹೋಗಬಹುದು, ಬುದ್ಧಿ ಹೋಗಿರಬೇಕೆಂದಿಲ್ಲ. ಇದಕ್ಕೆ ಅಫೇಸಿಯಾ ಎಂದು ಹೆಸರು.

ಮುನ್ನೂರು ಜನರ ನಡುವೆ ಕೂತು ನಾನು ಬರೆದುಕೊಳ್ಳುವುದನ್ನು ನಿಲ್ಲಿಸಿದೆ. ತಾನ್, ಅದೇ.

ಪಾಠ ಮುಗಿದ ಮೇಲೆ ಪ್ರೊಫೆಸರ ಬಳಿ ಹೋಗಿ ಅಜ್ಜಿಯ ವಿಷಯ ಹೇಳಿದೆ. ಅವರು ಪೂರ್ತಿ ಕೇಳಿ, "ನಾನು ನಿಮ್ಮ ಅಜ್ಜಿಯನ್ನು ನೋಡಿಲ್ಲ, ನೀನು ವೈದ್ಯೆಯಲ್ಲ. ಊಹೆ ಮಾಡುವುದು ಬೇಡ. ಮಾತಿನ ಚಿಕಿತ್ಸೆ ಕೊಡುವವರಿಗೆ ತೋರಿಸಿ. ಅಜ್ಜಿಯ ಭಾಷೆಯನ್ನೇ ಆಡುವವರಾದರೆ ಒಳ್ಳೆಯದು. ನಿಮ್ಮ ದೇಶದಲ್ಲಿ ಅಂಥವರು ಸಿಗುತ್ತಾರೆಯೇ?" ಎಂದು ಕೇಳಿದರು.

ಸಿಗುತ್ತಾರೆಯೇ! ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೆ. ನಮ್ಮ ಮನೆಯಿಂದ ಒಂದು ಗಂಟೆಯ ದಾರಿ. ದೇಶದ ಮೂಲೆಮೂಲೆಯಿಂದ ಜನ ಅಲ್ಲಿಗೆ ಬರುತ್ತಾರೆ. ಕಿವಿ ಕೇಳದ ಮಕ್ಕಳಿಗೆ ಎಂದಷ್ಟೇ ನಮ್ಮ ಮನೆಯವರಿಗೆ ಗೊತ್ತಿದ್ದುದು. ಪಾರ್ಶ್ವವಾಯುವಾಗಿ ಮಾತು ನಿಂತವರಿಗೂ ಅಲ್ಲಿ ಚಿಕಿತ್ಸೆ ಇದೆ, ಕನ್ನಡದಲ್ಲೇ ಅಳವಡಿಸಿದ ಪರೀಕ್ಷೆಗಳಿವೆ ಎಂಬುದನ್ನು ನಾನು ಏಳೂವರೆ ಸಾವಿರ ಕಿಲೋಮೀಟರು ದೂರದ ವಾಚನಾಲಯದಲ್ಲಿ ಕೂತು ಓದಿದೆ. ಅಂದೇ ರಾತ್ರಿ ಚಿಕ್ಕಪ್ಪನಿಗೆ ಫೋನು.

ಚಿಕಿತ್ಸಕಿ ಅಜ್ಜಿಯನ್ನು ಪರೀಕ್ಷಿಸಿ ಮೊದಲು ಹೇಳಿದ ಮಾತನ್ನು ಚಿಕ್ಕಪ್ಪ ಫೋನಿನಲ್ಲಿ ಎರಡೆರಡು ಸಲ ಹೇಳಿದರು. "ಇವರಿಗೆ ನಾವು ಹೇಳೋದು ಬಹಳಷ್ಟು ಅರ್ಥ ಆಗುತ್ತೆ. ಇವರ ಎದುರಿಗೆ ಇವರ ಬಗ್ಗೆ ಮಾತಾಡಬೇಡಿ."

ಮನೆಗೊಂದಿಷ್ಟು ಕಟ್ಟಳೆಗಳು ಬಂದವು. ಅಜ್ಜಿಯ ಹತ್ತಿರ ಮಾತಾಡುವಾಗ ಟಿವಿ ಆರಿಸಬೇಕು. ಒಂದು ಸಲಕ್ಕೆ ಒಂದೇ ವಿಷಯ. ಹೌದು, ಅಲ್ಲ ಎಂದು ತಲೆಯಾಡಿಸಿ ಉತ್ತರಿಸಬಹುದಾದ ಪ್ರಶ್ನೆ. ಬೇಕಾದರೆ ಚಿತ್ರ, ಬೇಕಾದರೆ ವಸ್ತುವನ್ನೇ ತೋರಿಸುವುದು. ಕೇಳಿದ ಮೇಲೆ ಕಾಯಬೇಕು, ಅವಳ ಬಾಯಿಯ ಮಾತನ್ನು ಕಿತ್ತುಕೊಂಡು ನಾವೇ ಮುಗಿಸಬಾರದು. ಈ ಕಾಯುವುದಿದೆಯಲ್ಲ, ದೊಡ್ಡವರಿಗೆ ಅದು ಆಗಲೇ ಇಲ್ಲ. ಮೂರು ಸೆಕೆಂಡಿಗೆ ಅಪ್ಪ "ನೀರಾ?" ಎಂದುಬಿಡುತ್ತಿದ್ದರು. ಕಾಯಲು ಬಂದದ್ದು ಪುಟ್ಟಿಗೆ. ಚಿಕ್ಕಪ್ಪನ ಮಗಳು, ಆಗ ನಾಲ್ಕನೇ ಕ್ಲಾಸು. ಅಜ್ಜಿಯ ಮುಂದೆ ಕೂತು ಬೆರಳು ಮಡಿಸುತ್ತಾ ಹತ್ತರ ತನಕ ಎಣಿಸುತ್ತಿದ್ದಳು. ಹತ್ತಾದರೂ ಮಾತು ಬರದಿದ್ದರೆ ಇನ್ನೊಂದು ಕೈ!

ಆ ಎಣಿಕೆಯಿಂದಲೇ ಒಂದು ಬಾಗಿಲು ತೆರೆಯಿತು. ಒಂದು ದಿನ ಪುಟ್ಟಿ ಬಾಯಿಬಿಟ್ಟು "ಒಂದು, ಎರಡು, ಮೂರು" ಎನ್ನುತ್ತಿದ್ದಾಗ ಅಜ್ಜಿ "ನಾಕು, ಐದು, ಆರು" ಎಂದು ಮುಂದುವರಿಸಿಬಿಟ್ಟಳು. ಸ್ಪಷ್ಟವಾಗಿ. ಪುಟ್ಟಿ ಕಿರುಚಿಕೊಂಡು ಅಡುಗೆಮನೆಗೆ ಓಡಿದಳು. ಎಲ್ಲರೂ ಬಂದು ಸುತ್ತ ನಿಂತು, "ಅಜ್ಜಿ, ಇದೇನು ಹೇಳು" ಎಂದು ಲೋಟ ತೋರಿಸಿದರೆ, "ಅದೇ."

ಪವಾಡವೂ ಅಲ್ಲ, ನಾಟಕವೂ ಅಲ್ಲ ಎಂದು ಚಿಕಿತ್ಸಕಿ ಹೇಳಿದರಂತೆ. ಬಾಯಿಪಾಠವಾದ ಸರಣಿಗಳು, ಅಂಕಿ, ವಾರ, ಮಗ್ಗಿ, ಶ್ಲೋಕ, ಕೆಲವರಲ್ಲಿ ಬೈಗುಳ ಕೂಡ, ಆಯ್ದು ಆಡುವ ಮಾತು ಹೋದ ಮೇಲೂ ಉಳಿದಿರುವುದುಂಟು. ಹಾಡೂ ಹಾಗೆಯೇ. ಮಾತು ಹೋದ ಒಬ್ಬ ಮನುಷ್ಯ ದೇವರ ಹಾಡುಗಳನ್ನು ಪದಗಳ ಸಮೇತ ಹಾಡುತ್ತಿದ್ದನೆಂದು ಸ್ವೀಡನ್ನಿನಲ್ಲಿ ಹದಿನೆಂಟನೆಯ ಶತಮಾನದಲ್ಲೇ ಬರೆದಿಟ್ಟಿದ್ದಾರೆ. ನನಗೆ ಆ ಬಣ್ಣದ ಹಾಳೆ ನೆನಪಾಯಿತು. ಕಣ್ಣು ಬೇಡವೆಂದರೂ ಓದುತ್ತದೆ, ಬಣ್ಣ ಹೇಳಲು ಮಾತ್ರ ತಿಣುಕಬೇಕು. ಅಜ್ಜಿಗೆ ಏಳು ದಶಕ ರೂಢಿಯಾದದ್ದು ತಾನಾಗಿ ಹರಿಯುತ್ತಿತ್ತು. 'ಲೋಟ' ಎಂಬ ಒಂದು ಪದವನ್ನು ಹುಡುಕಿ ತರುವುದು ಬೆಟ್ಟ ಹತ್ತಿದಷ್ಟು.

ಆ ಭಾನುವಾರ ನಾನು ಪರದೆಯ ಈಚೆಯಿಂದ ದಾಸರ ಪದವೊಂದನ್ನು ಶುರುಮಾಡಿದೆ. ಲಕ್ಷ್ಮಿಯನ್ನು ಮನೆಗೆ ಕರೆಯುವ ಹಾಡು, ಶುಕ್ರವಾರ ಸಂಜೆ ಅಜ್ಜಿ ಹೇಳುತ್ತಿದ್ದುದು. ಬೆನ್ನು ತಿರುಗಿತು. ಮುಖ ಕಂಡಿತು. ಎರಡನೆಯ ಸಾಲಿಗೆ ಅಜ್ಜಿ ಸೇರಿಕೊಂಡಳು, ಪದ ಪದವೂ ಸರಿಯಾಗಿ. ನನ್ನ ರಾಗ ಎಲ್ಲೋ ಹೋದಾಗ ಹುಬ್ಬು ಗಂಟಿಕ್ಕಿದಳು. ಹಾಡು ಮುಗಿದ ಮೇಲೆ ಏನೋ ಹೇಳಲು ಬಾಯಿ ತೆರೆದಳು. "ಅದೇ..."

ಹಾಡಿದ ಕೂಡಲೇ ಮಾತು ಬಂದುಬಿಡುತ್ತದೆ ಎಂದು ನಾನು ಬರೆದರೆ ಸುಳ್ಳಾಗುತ್ತದೆ. ರಾಗದ ಮೂಲಕ ಮಾತನ್ನು ಹೊರತರುವ ಒಂದು ಚಿಕಿತ್ಸೆಯನ್ನು ಅಮೆರಿಕದ ಬಾಸ್ಟನ್ನಿನ ವೈದ್ಯರು 1973ರಲ್ಲಿ ಪ್ರಕಟಿಸಿದರು. ಅದರಲ್ಲಿ ಗುಣ ಕೊಡುವುದು ರಾಗವೋ, ತಾಳವೋ, ದಿನಾ ಮಾಡುವ ಅಭ್ಯಾಸವೋ ಎಂದು ವಿದ್ವಾಂಸರು ಇಂದಿಗೂ ವಾದಿಸುತ್ತಾರೆ. ನಮ್ಮ ಮನೆಯಲ್ಲಿ ಮಾಡಿದ್ದು ಚಿಕಿತ್ಸಕಿ ಹೇಳಿಕೊಟ್ಟಷ್ಟು. ಎಡಗೈಯಲ್ಲಿ ತಾಳ ತಟ್ಟುತ್ತಾ "ನೀ-ರು ಬೇ-ಕು" ಎಂದು ಎಳೆದು ಹೇಳುವುದು. ದಿನಕ್ಕೆ ಎರಡು ಹೊತ್ತು. ತಿಂಗಳುಗಟ್ಟಲೆ.

ಮೇ ತಿಂಗಳಲ್ಲಿ ಅಮ್ಮ ಬೆಳಿಗ್ಗೆ ತಟ್ಟೆಗೆ ಉಪ್ಪಿಟ್ಟು ಹಾಕಿದಳು. ಅಜ್ಜಿ ತಟ್ಟೆ ನೋಡಿ, ಅಮ್ಮನ ಮುಖ ನೋಡಿ, ತಾಳವಿಲ್ಲದೆ, ರಾಗವಿಲ್ಲದೆ ಹೇಳಿದಳು.

"ಬೇಡ."

ಅಮ್ಮನಿಗೆ ಅಷ್ಟು ಸಂತೋಷವಾಗುವಂತೆ ಯಾರೂ ಅವಳ ಉಪ್ಪಿಟ್ಟನ್ನು ಬೇಡ ಅಂದಿರಲಾರರು. ಬೀದಿಯವರಿಗೆಲ್ಲ ಹೇಳಿಬಂದಳಂತೆ. ನನ್ನ ಫೋನಿಗೆ ಅಪ್ಪ, ಚಿಕ್ಕಪ್ಪ, ಪುಟ್ಟಿ, ಮೂವರಿಂದಲೂ ಅದೇ ಸುದ್ದಿ ಬಂತು. ಆ ವರ್ಷ ನನಗೆ 60ಕ್ಕೆ 55 ಕ್ರೆಡಿಟ್ ಬಂದವು ಎಂಬ ಸುದ್ದಿಯನ್ನು ಆಮೇಲೆ ನಾನು ಹೇಳಿದಾಗ ಯಾರೂ ಅಷ್ಟು ಕುಣಿಯಲಿಲ್ಲ.

ಈಗ ನನ್ನದು ಮೂರನೆಯ ವರ್ಷ. ಮುಂದೇನು ಎಂದು ಜೊತೆಯವರೆಲ್ಲ ಯೋಚಿಸುತ್ತಿದ್ದಾರೆ. ಆ ದೇಶದಲ್ಲಿ ರೋಗಿಗಳೊಡನೆ ಕೆಲಸ ಮಾಡಬೇಕಾದರೆ ಡಚ್ ಭಾಷೆ ಚೆನ್ನಾಗಿ ಬರಬೇಕು. ಕಲಿತೇನು, ಗಂಟಲಿನ ಮುಳ್ಳೂ ಈಗ ಅಭ್ಯಾಸವಾಗಿದೆ. ಆದರೆ ಒಬ್ಬ ಮುದುಕಿ ಒಂದು ಪದಕ್ಕಾಗಿ ಬಾಯಿ ತೆರೆದು ತಡಕಾಡುವಾಗ ಅವಳು ಹುಡುಕುತ್ತಿರುವುದು ತಂಬಿಗೆಯನ್ನೋ, ಚೆಂಬನ್ನೋ ಎಂದು ನನಗೆ ತಿಳಿಯುವುದು ನನ್ನ ಭಾಷೆಯಲ್ಲಿ ಮಾತ್ರ. ಹಾಗಾಗಿ ಮೈಸೂರಿನಲ್ಲಿ ಮುಂದೆ ಓದಲು ಏನೇನು ಅರ್ಹತೆ ಬೇಕು ಎಂದು ವಿಚಾರಿಸುತ್ತಿದ್ದೇನೆ. ಈ ಪದವಿಯ ಜೊತೆಗೆ ಇನ್ನೂ ಒಂದಷ್ಟು ವರ್ಷದ ಓದು ಬೇಕಾಗುತ್ತದೆ, ಸಾಲವೂ ಉದ್ದವಾಗುತ್ತದೆ. ಅಪ್ಪ ಇನ್ನೂ ಹೂಂ ಅಂದಿಲ್ಲ.

ಅಜ್ಜಿಗೆ ಈಗ ಐವತ್ತು ಅರವತ್ತು ಪದ ಇವೆ. ವಾಕ್ಯ ಕಷ್ಟ. ಬೇಕಾದ ಪದ ಸಿಗದಾಗ ಅವಳೇ ಒಂದು ಉಪಾಯ ಕಂಡುಕೊಂಡಿದ್ದಾಳೆ. ಗುರುವಾರ ಎನ್ನಬೇಕಾದರೆ ನೇರ ಬರುವುದಿಲ್ಲ. ಭಾನುವಾರದಿಂದ ಹೊರಟು, ಸೋಮವಾರ, ಮಂಗಳವಾರ ಎಂದು ಮೆಟ್ಟಿಲು ಹತ್ತಿದ ಹಾಗೆ ಹೇಳುತ್ತಾ ಬಂದು, ಬೇಕಾದ ಕಡೆ ನಿಂತು ತೊಡೆ ತಟ್ಟುತ್ತಾಳೆ. ಹುಟ್ಟಿದ್ದು ಯಾವಾಗ ಎಂದು ಡಾಕ್ಟರು ಕೇಳಿದರೆ ಪ್ರಭವ, ವಿಭವ ಎಂದು ಶುರುಮಾಡಿ ಇಪ್ಪತ್ತಮೂರನೆಯ ಸಂವತ್ಸರದ ತನಕ ಕಾಯಿಸುತ್ತಾಳೆ.

ಕಳೆದ ಆಗಸ್ಟಿನಲ್ಲಿ ರಜೆ ಮುಗಿಸಿ ನಾನು ಹೊರಡುವ ವಾರ, ಪಕ್ಕದ ಮನೆಯವರು ಬಂದು "ಮೊಮ್ಮಗಳು ಯಾವತ್ತು ಹೋಗ್ತಾಳೆ?" ಎಂದು ಕೇಳಿದರು. ನನ್ನನ್ನಲ್ಲ, ಅಜ್ಜಿಯನ್ನೇ ಕೇಳಿದರು. ಈಗ ಬೀದಿಯವರಿಗೂ ಅಭ್ಯಾಸವಾಗಿದೆ. ಪುಟ್ಟಿ ಬೆರಳು ಮಡಿಸತೊಡಗಿದಳು. ಅಜ್ಜಿ ಶುರುಮಾಡಿದಳು. "ಭಾನುವಾರ, ಸೋಮವಾರ, ಮಂಗಳವಾರ, ಬುಧವಾರ, ಗುರುವಾರ..." ಟಿಕೆಟ್ಟು ಗುರುವಾರದ್ದು. ತೊಡೆ ತಟ್ಟಲಿಲ್ಲ. "ಶುಕ್ರವಾರ, ಶನಿವಾರ" ಎಂದಳು. ನಿಲ್ಲಿಸಲು ಆಗುತ್ತಿಲ್ಲವೇನೋ ಎಂದು ನಾನು ಅವಳ ಕೈ ಹಿಡಿಯಲು ಹೋದೆ. ಅಜ್ಜಿ ನನ್ನ ಕಡೆ ವಾರೆಗಣ್ಣಲ್ಲಿ ನೋಡಿ, ನಗುತ್ತಾ, ಮತ್ತೆ ಭಾನುವಾರದಿಂದ ಹೊರಟಳು.